ಪ್ರೆಸ್ಸಿನ ಸರ್ವರ್‌ಗೆ ಟೇಪ್ ಬ್ಯಾಕಪ್: ಡ್ರೈವ್ ಬಂತು, ಸಾಫ್ಟ್‌ವೇರ್ ಹೆಚ್ಚುಕಮ್ಮಿ ಗಟ್ಟಿಯಾಯ್ತು

ಎಲ್‌ಟಿಓ ಅಂದರೆ ಕ್ಯಾಸೆಟ್ಟಿನಂಥ ಬ್ಯಾಕಪ್ ಟೇಪಿನ ಒಂದು ಮಾದರಿ, ಮುಂದಿನ ಅಂಕಿ ಅದರ ತಲೆಮಾರು. ಅದರಲ್ಲಿ ಎಲ್‌ಟಿಓ-6 ತಗೊಳ್ಳೋದಾ, ಎಲ್‌ಟಿಓ-8ಕ್ಕೆ ಹೋಗೋದಾ ಅನ್ನುವುದು ಕಡೆಗೂ ತೀರ್ಮಾನವಾಗಿದೆ. 6. ಕಾರಣ ದುಡ್ಡು, ಬೇರೇನಿಲ್ಲ.

ಗದಗಿನಲ್ಲಿರುವ ಮಾವನ ಆಫ್‌ಸೆಟ್ ಪ್ರೆಸ್ಸಿನ ಸರ್ವರ್‌ನಲ್ಲಿ ಇರುವುದು 4 ಟಿಬಿ ಚಿಲ್ಲರೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ನುಡಿ ಫಾಂಟ್‌ನಲ್ಲಿ ಕೂಡಿಸಿದ ಹಳೇ ಪುಸ್ತಕಗಳ ಫೈಲು, ಜೊತೆಗೆ ಟ್ಯಾಲಿ. ಎಲ್‌ಟಿಓ-6 ಟೇಪಿನ ಮೇಲೆ 6.25 ಟಿಬಿ ಅಂತ ದೊಡ್ಡದಾಗಿ ಹಾಕಿರುತ್ತಾರೆ. ನಂಬಬೇಡಿ. ಅದು ಡೇಟಾ ಎರಡೂವರೆ ಪಟ್ಟು ಕುಗ್ಗುತ್ತದೆ ಅನ್ನುವ ಲೆಕ್ಕ. ಪಿಡಿಎಫ್, ಜೆಪೆಗ್ ಎಲ್ಲ ಆಗಲೇ ಕುಗ್ಗಿರುತ್ತವೆ, ಮತ್ತೆ ಏನು ಕುಗ್ಗುತ್ತವೆ? ನಿಜವಾಗಿ ಹಿಡಿಸುವುದು 2.5 ಟಿಬಿ. ಅಂದರೆ ಒಂದು ಫುಲ್ ಬ್ಯಾಕಪ್‌ಗೆ ಎರಡು ಟೇಪು.

ಹಳೇ ಡ್ರೈವ್ ತಗೊಳ್ಳುವವರು ಒಂದು ವಿಷಯ ಗಮನಿಸಿ. 7ರ ಡ್ರೈವ್ ಎರಡು ತಲೆಮಾರು ಹಿಂದಿನ 5ರ ಟೇಪನ್ನೂ ಓದುತ್ತದೆ, ಆದರೆ 8ರ ಡ್ರೈವ್ 7ಕ್ಕಿಂತ ಹಿಂದಕ್ಕೆ ಹೋಗುವುದಿಲ್ಲ. ಹಾಗಾಗಿ ಈ ಡ್ರೈವ್ ಕೈಕೊಟ್ಟರೆ ನಾನು ಹುಡುಕಬೇಕಾದದ್ದು 6 ಅಥವಾ 7.

ಡ್ರೈವ್ ಬೆಂಗಳೂರಿನ ಎಸ್‌ಪಿ ರೋಡಿನಿಂದ ಬಂತು. ಇದಕ್ಕೆ ಯುಎಸ್‌ಬಿ ಇಲ್ಲ, ಸರ್ವರ್‌ಗೆ ಜೋಡಿಸಲು ಒಳಗೆ ಕೂರಿಸುವ ಎಸ್‌ಎಎಸ್ ಕಾರ್ಡ್ ಬೇಕು. ಹಲವು ಡಿಸ್ಕುಗಳನ್ನು ಒಂದಾಗಿ ಕೂಡಿಸುವ ರೇಡ್ ಕಾರ್ಡ್ ಇದೆಯಲ್ಲ ಅಂತ ಅದಕ್ಕೇ ಸಿಕ್ಕಿಸಲು ಹೋಗಬೇಡಿ, ಬರೀ ಜೋಡಿಸುವ ಕೆಲಸದ ಸಾದಾ ಎಚ್‌ಬಿಎ ಕಾರ್ಡ್ ತಗೊಳ್ಳಿ.

ಇನ್ನು ಸಾಫ್ಟ್‌ವೇರ್. ವೀಮ್ ಚೆನ್ನಾಗಿದೆ, ಆದರೆ ಅದರ ಜೋರೆಲ್ಲ ವರ್ಚುವಲ್ ಮಷೀನ್‌ಗಳ (ಒಂದೇ ಕಂಪ್ಯೂಟರಿನೊಳಗೆ ಓಡುವ ಬೇರೆ ಕಂಪ್ಯೂಟರ್‌ಗಳು) ಮೇಲೆ, ನಮ್ಮಲ್ಲಿ ಅಂಥದ್ದು ಒಂದೂ ಇಲ್ಲ. ಎಲ್‌ಟಿಎಫ್‌ಎಸ್ ಅನ್ನುವ ಟೇಪಿನ ಫೈಲ್ ಸಿಸ್ಟಮ್ ಹಾಕಿದರೆ ಟೇಪು ಪೆನ್‌ಡ್ರೈವ್ ಥರ ಕಾಣುತ್ತದೆ, ನೋಡಿ ಮಾವನಿಗೆ ಬಹಳ ಖುಷಿ. ಆದರೆ ಫೈಲ್ ಅಳಿಸಿದರೆ ಜಾಗ ವಾಪಸ್ ಬರುವುದಿಲ್ಲ, ಯಾವ ಫೈಲ್ ಯಾವ ಟೇಪಿನಲ್ಲಿದೆ ಅನ್ನುವ ಲೆಕ್ಕ ನಾವೇ ಇಡಬೇಕು. ಕೊನೆಗೆ ಉಳಿದದ್ದು ಬರಿಯೋಸ್. ಬಾಕುಲಾ ಅನ್ನುವ ಬ್ಯಾಕಪ್ ಸಾಫ್ಟ್‌ವೇರ್‌ನಿಂದ 2010ರಲ್ಲಿ ಕವಲೊಡೆದದ್ದು, ಪುಕ್ಕಟೆ, ವಿಂಡೋಸ್ ಮಷೀನ್‌ಗೂ ಅದರ ಕ್ಲೈಂಟ್ ಇದೆ.

ನನ್ನ ಮಟ್ಟಿಗೆ ಇದನ್ನು ಆರಿಸಲು ದೊಡ್ಡ ಕಾರಣ ಸ್ಪೂಲಿಂಗ್. ಎಲ್‌ಟಿಓ-6 ಸೆಕೆಂಡಿಗೆ 160 ಎಂಬಿ ಬರೆಯುತ್ತದೆ. ಗಿಗಾಬಿಟ್ ನೆಟ್‌ವರ್ಕ್ ಕೊಡುವುದು ಬಹಳವೆಂದರೆ 110ರ ಆಸುಪಾಸು, ಸಣ್ಣ ಸಣ್ಣ ಫೈಲ್‌ಗಳು ಬಂದಾಗ ಅದರ ಕಾಲು ಭಾಗವೂ ಬರುವುದಿಲ್ಲ. ಡ್ರೈವ್ ಸ್ವಲ್ಪ ಮಟ್ಟಿಗೆ ತಾನೇ ನಿಧಾನ ಮಾಡಿಕೊಳ್ಳುತ್ತದೆ. ಡೇಟಾ ಬರುವುದು ಅದಕ್ಕಿಂತಲೂ ನಿಧಾನವಾದರೆ ನಿಂತು, ಹಿಂದೆ ಸರಿದು, ಮತ್ತೆ ಓಡಿ ಬಂದು ಬರೆಯಬೇಕು. ಪಕ್ಕದಲ್ಲಿ ಕೂತರೆ ಕಿವಿಗೇ ಗೊತ್ತಾಗುತ್ತದೆ: ಒಂದೇ ಸಮ ಗುಂಯ್ ಅನ್ನುತ್ತಿದ್ದದ್ದು ಝುಂಯ್, ಟಕ್, ಝುಂಯ್ ಅಂತ ಶುರು ಮಾಡುತ್ತದೆ. ಟೇಪೂ ಸವೆಯುತ್ತದೆ, ಹೆಡ್ಡೂ ಸವೆಯುತ್ತದೆ. ಸ್ಪೂಲಿಂಗ್ ಆನ್ ಮಾಡಿದರೆ ಡೇಟಾ ಮೊದಲು ಎಸ್‌ಎಸ್‌ಡಿಯಲ್ಲಿ ಗುಡ್ಡೆ ಬಿದ್ದು, ಆಮೇಲೆ ಒಟ್ಟಿಗೆ ಟೇಪಿಗೆ ಹೋಗುತ್ತದೆ. ಆಮಂಡಾ ಅನ್ನುವ ಇನ್ನೊಂದು ಬ್ಯಾಕಪ್ ಸಾಫ್ಟ್‌ವೇರ್‌ನಲ್ಲೂ ಇದೇ ಉಪಾಯ, ಅಲ್ಲಿ ಹೋಲ್ಡಿಂಗ್ ಡಿಸ್ಕ್ ಅನ್ನುತ್ತಾರೆ. ಸಾಫ್ಟ್‌ವೇರ್‌ಗಳ ಪಟ್ಟಿಯಲ್ಲಿ ಎಷ್ಟು ಫೀಚರ್ ಇದೆ ಅಂತ ಎಣಿಸುವುದಕ್ಕಿಂತ ಇದೊಂದನ್ನು ನೋಡುವುದು ವಾಸಿ.

ಲಿನಕ್ಸ್‌ನಲ್ಲಿ ಡಿವೈಸ್ ಹೆಸರು ಕೊಡುವಾಗ ಎನ್‌ಎಸ್‌ಟಿ0 ಕೊಡಿ. ಎಸ್‌ಟಿ0 ಕೊಟ್ಟರೆ ಪ್ರತಿ ಸಲ ಮುಚ್ಚಿದಾಗಲೂ ಟೇಪು ಮೊದಲಿಗೆ ಸುತ್ತಿಕೊಳ್ಳುತ್ತದೆ, ಮುಂದಿನ ಜಾಬ್ ಹಿಂದಿನದರ ಮೇಲೇ ಬರೆದುಬಿಡಬಹುದು. ಶುರು ಮಾಡುವ ಮುಂಚೆ ಬರಿಯೋಸ್ ಜೊತೆಗೇ ಬರುವ ಬಿಟೇಪ್‌ನ ಟೆಸ್ಟ್ ಓಡಿಸಿ ನೋಡಿದೆ, ಪಾಸಾಯ್ತು.

"ಹಾರ್ಡ್‌ಡಿಸ್ಕ್ ಇರುವಾಗ ಈ ಕ್ಯಾಸೆಟ್ ಯಾಕಪ್ಪಾ?" ಅಂತ ಮಾವ ಇನ್ನೂ ಕೇಳುತ್ತಲೇ ಇದ್ದಾರೆ. ಸದಾ ಸಿಕ್ಕಿಸಿಯೇ ಇರುವ ಡಿಸ್ಕನ್ನು, ದುಡ್ಡು ಕೀಳಲು ಫೈಲ್ ಲಾಕ್ ಮಾಡುವ ರ‍್ಯಾನ್ಸಮ್‌ವೇರ್ ಸರ್ವರ್ ಜೊತೆಗೇ ಲಾಕ್ ಮಾಡುತ್ತದೆ. ಬೀರುವಿನಲ್ಲಿರುವ ಟೇಪನ್ನು ಮುಟ್ಟಬೇಕೆಂದರೆ ಯಾರಾದರೂ ಬೀರು ತೆಗೆಯಬೇಕು. ಬೀರು ಮನೆಯದ್ದೇ ಆಗಲಿ ಅಂತ ಹೇಳಿದ್ದೇನೆ, ತಗಡಿನ ಶೆಡ್ಡಿನ ಗೋಡೌನ್ ಬೇಡ. ಗದಗಿನ ಏಪ್ರಿಲ್ ಗೊತ್ತಲ್ಲ.

ಮುಂದಿನ ಕೆಲಸ ರಿಸ್ಟೋರ್. ಯಾವ ಫೈಲ್ ಎಲ್ಲಿದೆ ಅಂತ ಬರಿಯೋಸ್ ಬರೆದಿಡುವ ಕ್ಯಾಟಲಾಗ್ ಡೇಟಾಬೇಸ್ ಇಲ್ಲವೇ ಇಲ್ಲ ಅಂದುಕೊಂಡು, ಬೇರೆ ಮಷೀನ್‌ನಲ್ಲಿ ಅದರದ್ದೇ ಬಿಎಕ್ಸ್‌ಟ್ರ್ಯಾಕ್ಟ್‌ನಿಂದ ಟ್ಯಾಲಿ ಫೋಲ್ಡರ್ ಮಾತ್ರ ಹೊರಗೆ ತೆಗೆದು, ಟ್ಯಾಲಿಯಲ್ಲಿ ತೆರೆದು ನೋಡಬೇಕು. ಅದಕ್ಕೆ ಇನ್ನೊಂದು ಎಸ್‌ಎಎಸ್ ಕಾರ್ಡ್ ಬೇಕು, ಯಾರ ಹತ್ತಿರವಾದರೂ ಸುಮ್ನೆ ಬಿದ್ದಿದ್ದರೆ ಹೇಳಿ.