ಕುಂಬಳೆ–ಅಕ್ಕಲಕೋಟೆ ನೆರಳಳತೆ: ಜನವರಿಯವರೆಗಿನ ಪ್ರಗತಿ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳು ಕೇರಳದ ಪಠ್ಯವನ್ನೂ ಅಕ್ಕಲಕೋಟೆಯ ಕನ್ನಡ ಶಾಲೆಗಳು ಮಹಾರಾಷ್ಟ್ರದ ಪಠ್ಯವನ್ನೂ ಅನುಸರಿಸುತ್ತವೆ. ಪಾಠಗಳ ಅನುಕ್ರಮ ಬೇರೆಯಾದ್ದರಿಂದ ಎರಡೂ ಕಡೆಯ ಗಣಿತ, ವಿಜ್ಞಾನ ಶಿಕ್ಷಕರು ಒಂದೇ ಪಾಠ ಹಂಚಿಕೊಳ್ಳುವುದು ಕಷ್ಟ. ಆದರೆ ಒಂದೇ ಅಳತೆಯನ್ನು ಹಂಚಿಕೊಳ್ಳಬಹುದು. ಪ್ರಾಚೀನ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಮಾಡಿದಂತೆ ಎರಡು ಊರುಗಳ ಮಧ್ಯಾಹ್ನದ ನೆರಳಿನಿಂದ ಭೂಮಿಯ ಪರಿಧಿಯನ್ನು ಕಂಡುಹಿಡಿಯುವ ಕೆಲಸಕ್ಕೆ ಕಾಸರಗೋಡು ಜಿಲ್ಲೆಯ ಕುಂಬಳೆಯ ನಾವು ಅಕ್ಕಲಕೋಟೆಯವರೊಂದಿಗೆ ಕೈಹಾಕಿದ್ದು ಈ ಕಾರಣದಿಂದಲೇ.

ಹಗಲು–ರಾತ್ರಿ ಸುಮಾರು ಸಮವಾಗಿರುವ ಸೆಪ್ಟೆಂಬರಿನ ವಿಷುವ ದಿನವನ್ನು ಮೊದಲು ಯೋಚಿಸಿದ್ದೆವು. ನಮ್ಮ ಕರಾವಳಿಯಲ್ಲಿ ಆಗ ಮೋಡವಿಲ್ಲದ ಆಕಾಶದ ಭರವಸೆಯಿಲ್ಲ, ಡಿಸೆಂಬರಿನ ಕೊನೆಗೆ ಕೇರಳದಲ್ಲಿ ಕ್ರಿಸ್ಮಸ್ ರಜೆ. ಹೀಗಾಗಿ ಜನವರಿಯ ಮೊದಲ ವಾರವನ್ನು ಆರಿಸಿಕೊಂಡೆವು. ಚಳಿಗಾಲದಲ್ಲಿ ನೆರಳು ಉದ್ದವಾಗಿರುವುದರಿಂದ ಟೇಪಿನ ಸಣ್ಣ ತಪ್ಪು ಕೋನವನ್ನು ಅಷ್ಟಾಗಿ ಕೆಡಿಸುವುದಿಲ್ಲವೆಂಬ ಅನುಕೂಲವೂ ಇತ್ತು.

ಒಂದು ಮೀಟರಿನ ಕೋಲನ್ನು ತೂಗುಗುಂಡಿನಿಂದ ನೋಡಿ ನೆಟ್ಟಗೆ ನಿಲ್ಲಿಸಿ, ಅದರ ಬುಡವನ್ನೇ ಕೇಂದ್ರವಾಗಿಟ್ಟು ವೃತ್ತ ಎಳೆದೆವು. ಬೆಳಿಗ್ಗೆ ಮತ್ತು ಮಧ್ಯಾಹ್ನದ ನಂತರ ನೆರಳಿನ ತುದಿ ವೃತ್ತವನ್ನು ಮುಟ್ಟಿದ ಎರಡು ಬಿಂದುಗಳ ನಡುವಿನ ಕೋನವನ್ನು ಸಮಭಾಗ ಮಾಡಿದರೆ ಉತ್ತರ–ದಕ್ಷಿಣ ರೇಖೆ ಸಿಗುತ್ತದೆ. ನಮ್ಮ ಪ್ರಾಚೀನ ಖಗೋಳಜ್ಞರು ಶಂಕುವಿನಿಂದ, ಅಂದರೆ ನೆಟ್ಟಗೆ ನಿಲ್ಲಿಸಿದ ಕೋಲಿನಿಂದ, ದಿಕ್ಕು ಸಾಧಿಸಿದ್ದೂ ಹೀಗೆಯೇ. ಮರುದಿನ ನೆರಳು ಆ ರೇಖೆಯ ಮೇಲೆ ಬಿದ್ದಾಗ ಅಳೆದರೆ ಸಾಕು, ಗಡಿಯಾರ ಬೇಕಿಲ್ಲ. ಆದರೂ ಸಮಯ ಬರೆದಿಟ್ಟುಕೊಂಡೆವು: ಅಕ್ಕಲಕೋಟೆ ನಮಗಿಂತ ಸುಮಾರು ಒಂದೂಕಾಲು ಡಿಗ್ರಿ ಪೂರ್ವದಲ್ಲಿರುವುದರಿಂದ ಅಲ್ಲಿ ಸೂರ್ಯನ ಮಧ್ಯಾಹ್ನ ಸುಮಾರು 5 ನಿಮಿಷ ಮೊದಲೇ ಆಗುತ್ತದೆ. ರೇಖಾಂಶದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರವೇಶವನ್ನು ನಾನು ಕಂಡಿಲ್ಲ.

ನಮ್ಮಲ್ಲಿ ನೆರಳು 69.8 ಸೆಂ.ಮೀ., ಅಲ್ಲಿ 84.6 ಸೆಂ.ಮೀ. ಎಂಟನೆಯ ತರಗತಿಯವರಿಗೆ ತ್ರಿಕೋನಮಿತಿ ಇನ್ನೂ ಬಂದಿಲ್ಲವಾದ್ದರಿಂದ ಅವರು ಅಳತೆಗೆ ತಕ್ಕಂತೆ ತ್ರಿಭುಜ ಬರೆದು ಕೋನಮಾಪಕ ಇಟ್ಟರು. ದಾಖಲೆಗಾಗಿ ಶಿಕ್ಷಕರು ಟ್ಯಾಂಜೆಂಟ್ ಬಳಸಿ ಲೆಕ್ಕ ಹಾಕಿದೆವು. ಕೋಲಿಗೂ ಸೂರ್ಯಕಿರಣಕ್ಕೂ ನಡುವಿನ ಕೋನದಲ್ಲಿ ಎರಡು ಊರುಗಳ ವ್ಯತ್ಯಾಸ 5.3 ಡಿಗ್ರಿ ಬಂತು. ದೂರದ ವಿಷಯದಲ್ಲಿ ಮಕ್ಕಳು ಬಹಳ ಹೊತ್ತು ವಾದಿಸಿದರು. ರಸ್ತೆಯ ದೂರ ಇಲ್ಲಿ ಉಪಯೋಗವಿಲ್ಲ, ನೇರ ದೂರವೂ ಸರಿಯಲ್ಲ. ಬೇಕಾದದ್ದು ಎರಡು ಅಕ್ಷಾಂಶಗಳ ನಡುವಿನ ಉತ್ತರ–ದಕ್ಷಿಣ ಅಂತರ. ಒಂದು ಡಿಗ್ರಿಗೆ 111 ಕಿ.ಮೀ. ಎಂದು ಹಿಡಿದರೆ ಉತ್ತರವನ್ನೇ ಮೊದಲು ಒಪ್ಪಿಕೊಂಡಂತಾಗುವುದರಿಂದ ಮುದ್ರಿತ ಭೂಪಟದ ಪ್ರಮಾಣದಿಂದ ಸುಮಾರು 545 ಕಿ.ಮೀ. ಎಂದು ಅಳೆದೆವು. ಪೂರ್ತಿ ವೃತ್ತದ 360 ಡಿಗ್ರಿಯನ್ನು 5.3ರಿಂದ ಭಾಗಿಸಿ ಈ ದೂರದಿಂದ ಗುಣಿಸಿದಾಗ ಪರಿಧಿ ಸುಮಾರು 37,000 ಕಿ.ಮೀ. ಬಂತು, ಧ್ರುವಗಳ ಮೂಲಕ ಹಾಯುವ ನಿಜವಾದ ಪರಿಧಿ 40,008 ಕಿ.ಮೀ.

ಈ ಅಂತರವೇ ಈಗ ನಮ್ಮ ಪಾಠ. ಸೂರ್ಯಬಿಂಬ ಅರ್ಧ ಡಿಗ್ರಿ ಅಗಲವಿರುವುದರಿಂದ ನೆರಳಿನ ತುದಿ ಒಂದು ಸೆಂಟಿಮೀಟರಿಗೂ ಮೀರಿ ಮಸುಕಾಗಿರುತ್ತದೆ, ಮತ್ತು ಮಸುಕಿನ ಯಾವ ಭಾಗವನ್ನು ತುದಿಯೆಂದು ಹಿಡಿಯಬೇಕೆಂಬುದನ್ನು ಎರಡು ಶಾಲೆಗಳೂ ಬೇರೆ ಬೇರೆಯಾಗಿ ನಿರ್ಧರಿಸಿದ್ದವು. ಮುಂದಿನ ಅಳತೆಗೆ ಒಂದೇ ನಿಯಮ: ಮಸುಕಿನ ಎರಡೂ ಅಂಚುಗಳನ್ನು ಗುರುತಿಸಿ ನಡುಬಿಂದುವನ್ನು ತೆಗೆದುಕೊಳ್ಳುವುದು, ಉತ್ತರದ ಜೊತೆಗೆ ಕಚ್ಚಾ ಅಳತೆಗಳನ್ನೂ ಕಳುಹಿಸುವುದು. ತಮಿಳುನಾಡಿನ ತಾಳವಾಡಿಯ ಶಿಕ್ಷಕರೊಬ್ಬರು ಸೇರಲು ಒಪ್ಪಿದ್ದಾರೆ. ಆ ಊರು ನಮಗಿಂತಲೂ ದಕ್ಷಿಣದಲ್ಲಿರುವುದರಿಂದ ಅಕ್ಕಲಕೋಟೆಯೊಂದಿಗಿನ ಕೋನ ಐದೂವರೆ ಡಿಗ್ರಿಯನ್ನು ಮೀರುತ್ತದೆ. ಫೆಬ್ರವರಿಯಲ್ಲಿ, ಪರೀಕ್ಷೆಯ ಸಿದ್ಧತೆ ಬಿಗಿಯಾಗುವ ಮೊದಲು, ಮೂರೂ ಕಡೆ ಅಳೆಯಲಿದ್ದೇವೆ.