ಮೊದ್ಲು ಅವಳ ಮಾತು ಹೇಳು, ಆಮೇಲೆ ನಿಂದು

"ಕೆಸಿ ವ್ಯಾಲಿ ನೀರು ಅಂದ್ರೆ ಬೆಂಗ್ಳೂರೋರ ಕಕ್ಕಸ್ ನೀರು ಮಿಸ್" ಅಂತ ಹತ್ತನೇ ಕ್ಲಾಸಲ್ಲಿ ಒಬ್ಬ ಹುಡುಗ ಎದ್ದು ನಿಂತು ಹೇಳ್ದ, ಕ್ಲಾಸೆಲ್ಲಾ ಗೊಳ್ಳಂತ ನಗ್ತು. ಎರಡನೇ ಬೆಂಚಲ್ಲಿದ್ದ ಒಬ್ಳು ಮಾತ್ರ ನಗ್ಲಿಲ್ಲ, ತಲೆ ತಗ್ಗಿಸಿ ನೋಟ್ಸ್ ಮೇಲೆ ಪೆನ್ನು ಒತ್ತಿ ಒತ್ತಿ ಗೀಚ್ತಾ ಇದ್ಳು, ಹಾಳೆ ಹರಿದೇ ಹೋಯ್ತು. ಅವರಪ್ಪ ಮೂರು ಬೋರ್ ಕೊರ್ಸಿ ಮೂರೂ ಫೇಲಾಗಿ ಸಾಲ ಮಾಡ್ಕೊಂಡಿದ್ದು ನಂಗೆ ಗೊತ್ತಿತ್ತು, ಪಕ್ಕದ ಕೆರೆಗೆ ಈ ನೀರು, ಅಂದ್ರೆ ಶುದ್ಧ ಮಾಡಿ ಬಿಟ್ಟ ಬೆಂಗ್ಳೂರಿನ ಕೊಳಚೆ ನೀರು, ಬಂದ್ಮೇಲೆ ಬತ್ತಿದ್ದ ಬೋರಲ್ಲಿ ಮತ್ತೆ ನೀರು ಬಂದಿದ್ದೂ ಗೊತ್ತಿತ್ತು.

ನಾನು ಕೋಲಾರ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳ್ಕೊಡ್ತೀನಿ, ಹದಿನಾಲ್ಕು ವರ್ಷ ಆಯ್ತು. ಮುಂಚೆ ಇಂಥ ವಿಷ್ಯ ಬಂದ್ರೆ ಚರ್ಚಾ ಸ್ಪರ್ಧೆ ಇಡ್ತಿದ್ದೆ, ನಾವೆಲ್ಲಾ ಓದ್ದಾಗ ಇದ್ದಂಗೇನೇ, ಚೀಟಿ ಎತ್ತೋದು, ಪರ ಬಂದ್ರೆ ಪರ, ವಿರೋಧ ಬಂದ್ರೆ ವಿರೋಧ, ಮೂರು ನಿಮಿಷ, "ಮಾನ್ಯ ತೀರ್ಪುಗಾರರೇ" ಅಂತ ಶುರು. ಒಂದ್ಸಲ ಫಸ್ಟ್ ಪ್ರೈಜ್ ಕೊಟ್ಟು ಸ್ಟಾಫ್ ರೂಮಿಗೆ ಬಂದು ಕೂತ್ಕೊಂಡಾಗ ಅನ್ನಿಸ್ತು, ಈ ಮಗು ಎದುರಿನೋರು ಹೇಳಿದ್ದು ಒಂದಾದ್ರೂ ಕೇಳಿಸ್ಕೊಂಡ್ಳಾ ಅಂತ. ಇಲ್ಲ. ತನ್ನ ಸರದಿ ಬರೋವರ್ಗೂ ಬಾಯಿಪಾಠ ಒಪ್ಪಿಸ್ಕೊಳ್ತಾ ಇದ್ಳು. ಮಕ್ಕಳಿಗೆ ನಾನು ಗೆಲ್ಲೋದು ಕಲ್ಸಿದ್ದೆ, ತೂಗಿ ನೋಡೋದು ಕಲ್ಸಿರ್ಲಿಲ್ಲ. ಆವತ್ತಿಂದ ಚರ್ಚಾ ಸ್ಪರ್ಧೆ ಬಿಟ್ಟೆ.

ಈಗ ಒಂದೇ ಒಂದು ರೂಲ್. ಎದುರಿನೋರ ಮಾತನ್ನ ಮೊದ್ಲು ನೀನು ಹೇಳ್ಬೇಕು, ಅವ್ರು ಕೇಳಿ "ಹೌದು, ನಾ ಹೇಳಿದ್ದು ಅದೇ" ಅಂದ್ಮೇಲೇನೇ ನಿನ್ನ ಮಾತು.

ಆ ಹುಡುಗನ್ಗೂ ಅದೇ ಹೇಳ್ದೆ. ಮೊದ್ಲು ಅವಳ ಮಾತು ಹೇಳಪ್ಪಾ ಅಂತ. ಅವನು ಸ್ವಲ್ಪ ಹೊತ್ತು ನಿಂತಿದ್ದು "ಅವ್ರಪ್ಪನ ಬೋರಲ್ಲಿ ನೀರು ಬಂದೈತೆ, ಟೊಮೇಟೊ ಇಟ್ಟವ್ರೆ, ಅದ್ಕೆ ಆ ನೀರು ಬೇಕು ಅಂತಾಳೆ" ಅಂದ. ಅವಳು ತಲೆ ಎತ್ತಿ "ಪೂರ್ತಿ ಹೇಳ್ಲಿಲ್ಲ ಮಿಸ್" ಅಂದ್ಳು. ಇನ್ನೇನಮ್ಮಾ ಅಂದೆ. "ಅಣ್ಣ ಬೆಂಗ್ಳೂರಲ್ಲಿ ಸೆಕ್ಯೂರಿಟಿ ಕೆಲಸ ಮಾಡ್ತಿದ್ದ, ನಾಲ್ಕು ವರ್ಷ. ಬೋರಲ್ಲಿ ನೀರು ಬಂದ್ಮೇಲೆ ಮನೆಗೆ ಬಂದ." ಅವನು ಅದನ್ನೂ ಸೇರ್ಸಿ ಇನ್ನೊಂದ್ಸಲ ಹೇಳ್ದ, ಈ ಸಲ ನಗ್ಲಿಲ್ಲ. ಆಮೇಲೆ ಅವಳ ಸರದಿ. "ಅವ್ರ ಮನೇಲಿ ಹಸು ಕುಡಿಯೋದು, ಅಡಿಗೆಗೆ ಇಡೋದು ಎಲ್ಲಾ ಅದೇ ಬೋರ್ ನೀರು, ಒಳಗೆ ಏನೈತೋ ಯಾರಿಗೂ ಗೊತ್ತಿಲ್ಲ, ಅದ್ಕೆ ಭಯ" ಅಂದ್ಳು. ಅವನು "ಹೂಂ" ಅಂತ ತಲೆ ಆಡ್ಸ್ದ.

ಗೊತ್ತಿಲ್ಲದೋರಿಗೆ ಎರಡು ಮಾತು. ನಮ್ಮ ಜಿಲ್ಲೇಲಿ ವರ್ಷಪೂರ್ತಿ ಹರಿಯೋ ನದಿ ಇಲ್ಲ, ಇರೋದು ಕೆರೆ ಮತ್ತೆ ಸಾವಿರ ಅಡಿ ದಾಟಿದ ಬೋರ್‌ವೆಲ್. ಬೆಂಗ್ಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಪೈಪಲ್ಲಿ ಇಲ್ಲಿಗೆ ತಂದು ಕೆರೆ ತುಂಬ್ಸೋದೇ ಕೆಸಿ ವ್ಯಾಲಿ ಯೋಜನೆ. 2018ರ ಜೂನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು, ಮುಂದಿನ ತಿಂಗಳೇ ಕೆರೇಲಿ ನೊರೆ ಕಾಣ್ತು, ಹೈಕೋರ್ಟ್ ತಡೆ ಕೊಡ್ತು, ಸುಪ್ರೀಂ ಕೋರ್ಟ್ ತನಕ ಹೋಗಿ ಕೊನೆಗೆ ನೀರು ಮತ್ತೆ ಹರೀತು. ಬೇಕು ಅನ್ನೋರೂ ಬೇಡ ಅನ್ನೋರೂ ಒಂದೇ ಊರಲ್ಲಿ, ಎಷ್ಟೋ ಕಡೆ ಒಂದೇ ಮನೇಲಿ ಅವ್ರೆ.

ಆವತ್ತು ಬೋರ್ಡ್ ಮೇಲೆ ಮಕ್ಕಳ ಕೈಲೇ ಮೂರು ಪ್ರಶ್ನೆ ಬರೆಸ್ದೆ. ಬೋರಲ್ಲಿ ನೀರು ಜಾಸ್ತಿ ಆಯ್ತಾ? ಆ ನೀರು ಚೆನ್ನಾಗೈತಾ? ಬೆಂಗ್ಳೂರಿಗೆ ನೂರು ಕಿಲೋಮೀಟರ್ ದೂರದಿಂದ ಕಾವೇರಿ ನೀರು, ನಮಗೆ ಅವ್ರು ಬಳಸಿ ಬಿಟ್ಟಿದ್ದು, ಇದು ನ್ಯಾಯನಾ? ಮೊದಲ್ನೇದನ್ನ ಅಳೆದು ನೋಡ್ಬೋದು, ಎರಡನೇದನ್ನ ಲ್ಯಾಬಿಗೆ ಕಳ್ಸಿ ನೋಡ್ಬೋದು, ಮೂರನೇದಕ್ಕೆ ಯಾವ ಲ್ಯಾಬೂ ಇಲ್ಲ, ಅದನ್ನ ಕೂತು ಮಾತಾಡಿಯೇ ತೀರ್ಮಾನ ಮಾಡ್ಬೇಕು. ದೊಡ್ಡೋರ ಜಗಳ ನೋಡಿ, ಒಬ್ರು ಮೊದಲ್ನೇ ಪ್ರಶ್ನೆಗೆ ಉತ್ತರ ಕೊಡ್ತಿರ್ತಾರೆ, ಇನ್ನೊಬ್ರು ಮೂರನೇದು ಕೇಳ್ತಿರ್ತಾರೆ, ಇಬ್ರೂ ಕಿರುಚ್ತಿರ್ತಾರೆ. ಮಕ್ಕಳು ಇದನ್ನ ಬೇರೆ ಬೇರೆ ಮಾಡಿ ನೋಡಿದ್ ತಕ್ಷಣ ಅರ್ಧ ಗಲಾಟೆ ತಾನಾಗೇ ಇಳೀತು. ಎರಡನೇ ಪ್ರಶ್ನೆ ಹತ್ರ ಹಿಂದಿನ ಬೆಂಚಿನ ಒಬ್ಬ, ಮಾತೇ ಆಡದೋನು, "ಮುಂಚೆ ಇದ್ದ ನೀರು ಚೆನ್ನಾಗಿತ್ತಾ ಮಿಸ್" ಅಂತ ಕೇಳ್ದ, ಅವನ ಹಲ್ಲಿನ ಮೇಲೆ ಫ್ಲೋರೈಡ್ ಕಲೆ ಐತೆ. ಕುಡಿಯೋ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ನಮ್ಮ ಕಡೆ ಎಷ್ಟೋ ಬೋರಲ್ಲಿ ದಾಟೈತೆ, ಅದ್ಕೇ ಊರೂರಿಗೂ ಫಿಲ್ಟರ್ ನೀರಿನ ಘಟಕ. ಹಳೇದೆಲ್ಲಾ ಅಮೃತ ಅಂದ್ಕೊಂಡು ಹೋಲ್ಸಿದ್ರೆ ತಪ್ಪಾಗುತ್ತೆ ಅಂತ ನಾನು ಹೇಳ್ಬೇಕಾಗೇ ಬರ್ಲಿಲ್ಲ.

ಮಾರನೇ ದಿನ ಇನ್ನೊಬ್ಬ ಅವರಪ್ಪನ ಫೋನಿಂದ ಕ್ಲಾಸ್ ಗ್ರೂಪಿಗೆ ಒಂದು ವಿಡಿಯೋ ಹಾಕಿದ್ದ, ಕೆರೆ ತುಂಬಾ ಬೆಟ್ಟದಂಗೆ ಬಿಳೀ ನೊರೆ, "ಕೋಲಾರದ ಗತಿ ನೋಡಿ" ಅಂತ ಕೆಳಗೆ ಬರೆದಿತ್ತು. ಸ್ಮಾರ್ಟ್ ಕ್ಲಾಸ್ ಟಿವೀಲಿ ಹಾಕ್ದೆ, ಏನೂ ಹೇಳ್ಲಿಲ್ಲ, ಬರೀ ನೋಡಿ ಅಂದೆ. ಎರಡನೇ ಸಲ ಹಾಕ್ದಾಗ ಒಬ್ಳು "ನೊರೆ ಹಿಂದೆ ನೋಡಿ ಮಿಸ್, ಅಪಾರ್ಟ್‌ಮೆಂಟು! ಹದಿನೈದು ಫ್ಲೋರು! ನಮ್ಮ ಕೆರೆ ಹತ್ರ ಅಂಥ ಬಿಲ್ಡಿಂಗ್ ಎಲ್ಲೈತೆ?" ಅಂದ್ಳು. ಹುಡುಕಿ ನೋಡಿದ್ರೆ ಬೆಂಗ್ಳೂರಿನ ಬೆಳ್ಳಂದೂರು ಕೆರೆ ವಿಡಿಯೋ ಅದು. ತಕ್ಷಣ ಒಂದು ಗುಂಪು "ಹಂಗಾದ್ರೆ ಎಲ್ಲಾ ಸುಳ್ಳು" ಅಂತ ಕೂಗ್ತು. ಇಲ್ಲೇ ನಾನು ತುಂಬಾ ಹೊತ್ತು ನಿಂತೆ, ಯಾಕಂದ್ರೆ ಇದೇ ಕಷ್ಟದ ಜಾಗ. ವಿಡಿಯೋ ಸುಳ್ಳು, ಆದ್ರೆ 2018ರಲ್ಲಿ ಲಕ್ಷ್ಮೀಸಾಗರದಲ್ಲಿ ನೊರೆ ಬಂದಿದ್ದು ನಿಜ. ಒಬ್ಬ ಕೆಟ್ಟ ಸಾಕ್ಷಿ ತಂದ ಅಂತ ಅವನ ಭಯಾನೇ ಸುಳ್ಳಾಗಲ್ಲ, ಭಯ ನಿಜ ಅಂತ ಆ ವಿಡಿಯೋನೂ ನಿಜ ಆಗಲ್ಲ. ಈ ಎರಡನ್ನೂ ಒಟ್ಟಿಗೆ ಹಿಡ್ಕೊಳ್ಳೋಕೆ ಹದಿನೈದು ವರ್ಷದ ಮಕ್ಕಳಿಗೆ ಒಂದಿಡೀ ಪೀರಿಯಡ್ ಬೇಕಾಯ್ತು, ಕೊಟ್ಟೆ, ಪಾಠ ಒಂದಿನ ಹಿಂದೆ ಬಿತ್ತು.

ಬಿಸಿಯೂಟದ ಮೊಟ್ಟೆ ವಿಷ್ಯ ಇಷ್ಟು ಸಲೀಸಾಗಿ ಹೋಗ್ಲಿಲ್ಲ. 2023ರಲ್ಲಿ ಒಂಬತ್ತು, ಹತ್ತನೇ ಕ್ಲಾಸಿಗೂ ಮೊಟ್ಟೆ ಬಂತು, ಆಮೇಲೆ ವಾರಕ್ಕೆ ಆರು ದಿನ ಆಯ್ತು, ತಿನ್ನದೋರಿಗೆ ಬಾಳೆಹಣ್ಣು. ಒಂದು ಮೊಟ್ಟೇಲಿ ಆರು ಗ್ರಾಂ ಪ್ರೋಟೀನ್, ಇದ್ರಲ್ಲಿ ಜಗಳ ಇಲ್ಲ. ಜಗಳ ಇದ್ದಿದ್ದು ಒಂದೇ ಸಾಲಲ್ಲಿ ಕೂರೋದ್ರಲ್ಲಿ. ಬಾಳೆಹಣ್ಣು ತಗೊಳ್ಳೋ ಇಬ್ರು ಕಂಬದ ಪಕ್ಕ ಬೇರೆ ಕೂರ್ತಿದ್ರು, ವಾಸನೆ ಆಗಲ್ಲ ಅಂತ. ಮೊಟ್ಟೆ ತಿನ್ನೋ ಒಬ್ಳು "ನಮ್ಮನ್ನ ನೋಡಿದ್ರೆ ಹೇಸಿಗೆ ಅವ್ರಿಗೆ" ಅಂದ್ಳು. ರೂಲ್ ಪ್ರಕಾರ ಕಂಬದ ಪಕ್ಕ ಕೂರ್ತಿದ್ದ ಇಬ್ರಲ್ಲಿ ಒಬ್ಬ ಹುಡುಗ ಅವಳ ಮಾತು ಹೇಳೋಕೆ ಹೋಗಿ ಮಧ್ಯದಲ್ಲೇ ಅತ್ತುಬಿಟ್ಟ. ನಿಲ್ಲಿಸ್ದೆ. ಎಲ್ಲಾದಕ್ಕೂ ಕ್ಲಾಸ್ ಮುಂದೇನೇ ಮಾತಾಡ್ಸಬಾರದು, ಕೆಲವನ್ನ ಹಾಳೇಲಿ ಬರೆಸಿ ಹೆಸರಿಲ್ದೆ ಓದ್ಬೇಕು ಅಂತ ಆವತ್ತು ಕಲ್ತೆ. ಅವನಿಗೆ ಆವತ್ತಾದ ನೋವಿಗೆ ನಾನೇ ಕಾರಣ, ಕ್ಷಮೆ ಕೇಳ್ದೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಎಲ್ಲಾ ವಿಷ್ಯಕ್ಕೂ ಎರಡು ಕಡೆ ಇರಲ್ಲ. ಅಸ್ಪೃಶ್ಯತೆ ಸರಿನಾ ತಪ್ಪಾ ಅಂತ ನಾನು ಯಾವತ್ತೂ ಚರ್ಚೆಗೆ ಇಡಲ್ಲ, ಸಂವಿಧಾನದ 17ನೇ ವಿಧಿ ಅದನ್ನ ಮುಗಿಸೈತೆ. ನನ್ನ ಕ್ಲಾಸಲ್ಲಿ ಕೂತಿರೋ ಮಗು ತಾನು ಮನುಷ್ಯಳು ಅಂತ ವಾದ ಮಾಡಿ ಗೆಲ್ಲಬೇಕಾದ ಪರಿಸ್ಥಿತಿ ತರೋದೇ ತಪ್ಪು. 2000ದ ಮಾರ್ಚಲ್ಲಿ ಚಿಂತಾಮಣಿ ತಾಲೂಕಿನ ಕಂಬಾಲಪಲ್ಲೀಲಿ ಏಳು ಜನ ದಲಿತರನ್ನ ಜೀವಂತ ಸುಟ್ರು, ಆಗ ಅದು ನಮ್ಮ ಕೋಲಾರ ಜಿಲ್ಲೆಗೇ ಸೇರಿತ್ತು, ಇಂಥ ನೆಲದಲ್ಲಿ ಬ್ಯಾಲೆನ್ಸ್ ಅಂತ ಹೇಳ್ಕೊಂಡು ಕೂರೋಕಾಗಲ್ಲ. ಆದ್ರೆ ಒಳಮೀಸಲಾತಿ, ಅಂದ್ರೆ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನ ಅದರೊಳಗಿನ ಗುಂಪುಗಳಿಗೆ ಬೇರೆ ಬೇರೆ ಹಂಚೋದು, ಅದ್ರ ಬಗ್ಗೆ ಧಾರಾಳವಾಗಿ ಮಾತಾಡಿ ಅಂತೀನಿ. 2024ರ ಆಗಸ್ಟಲ್ಲಿ ಸುಪ್ರೀಂ ಕೋರ್ಟಿನ ಏಳು ಜಡ್ಜ್‌ಗಳಲ್ಲಿ ಆರು ಜನ ರಾಜ್ಯಗಳು ಮಾಡ್ಬೋದು ಅಂದ್ರು, ಒಬ್ರು ಆಗಲ್ಲ ಅಂತ ಬೇರೆ ತೀರ್ಪು ಬರೆದ್ರು. ಸೋತ ಮಾತನ್ನೂ ಕೋರ್ಟು ಅಳಿಸಲ್ಲ, ಕಾರಣ ಸಮೇತ ಅಚ್ಚು ಹಾಕ್ಸಿ ಇಡುತ್ತೆ ಅಂದಾಗ ಮಕ್ಕಳಿಗೆ ನಂಬೋಕೇ ಆಗ್ಲಿಲ್ಲ.

ವಾರದ ಕೊನೇಲಿ ಕೇಳೇ ಕೇಳಿದ್ರು, "ನೀವು ಯಾವ ಕಡೆ ಮಿಸ್?" ಮೊದಲೇ ಹೇಳ್ಬಿಟ್ರೆ ಮಾರ್ಕ್ಸ್ ಭಯಕ್ಕೆ ಎಲ್ರೂ ನನ್ನ ಕಡೆ ಬರ್ತಾರೆ, ಕೊನೇಲೂ ಹೇಳ್ದೇ ಹೋದ್ರೆ ಮೋಸ ಮಾಡಿದಂಗೆ. ನೀರು ನಿಲ್ಲಿಸ್ಬಾರ್ದು, ಮೂರನೇ ಹಂತ ಶುದ್ಧ ಮಾಡೇ ಕೊಡ್ಬೇಕು, ಇದು ನನ್ನ ಅಭಿಪ್ರಾಯ ಅಂದೆ. "ಅದಕ್ಕೆ ದುಡ್ಡು ಯಾರು ಕೊಡ್ತಾರೆ?" ಅಂತ ಒಬ್ಬ ಎದ್ದ. "ಬೆಂಗ್ಳೂರೋರೇ ಕೊಡ್ಲಿ, ಕೊಳೆ ಮಾಡಿದ್ದು ಅವ್ರು ತಾನೆ" ಅಂದ್ಳು ಎರಡನೇ ಬೆಂಚಿನ ಹುಡುಗಿ. ಆಗ ಕಕ್ಕಸ್ ನೀರು ಅಂದಿದ್ನಲ್ಲ, ಅದೇ ಹುಡುಗ, "ರೂಲ್ ಪ್ರಕಾರ ಮೊದ್ಲು ಬೆಂಗ್ಳೂರೋರ ಮಾತು ಹೇಳ್ಬೇಕಲ್ವಾ ಮಿಸ್, ಇಲ್ಲಿ ಅವ್ರ ಕಡೆಯೋರು ಯಾರವ್ರೆ?" ಅಂದ. ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ ಅವನೇ ಅವಳ ಕಡೆ ತಿರುಗಿ "ನಿಮ್ಮಣ್ಣ ನಾಲ್ಕು ವರ್ಷ ಅಲ್ಲೇ ಇದ್ನಲ್ಲ, ಕರ್ಕೊಂಡ್ ಬರ್ತೀಯಾ?" ಅಂತ ಕೇಳ್ದ.

ಹೆಡ್ ಮೇಷ್ಟ್ರು ಒಪ್ಕೊಂಡವ್ರೆ. ಬರೋ ಶನಿವಾರ ಬೆಳಗ್ಗೆ ಡೈರಿಗೆ ಹಾಲು ಹಾಕಿ ಬರ್ತೀನಿ ಅಂದಿದ್ದಾನೆ ಅವಳ ಅಣ್ಣ.