ಗೆಳತಿಯರ ಕಷ್ಟಕ್ಕೆ ನಿಲ್ಲುತ್ತೀಯ, ನಿನ್ನ ದೀನಿಗೆ, ಅಂದರೆ ಧರ್ಮಕ್ಕೆ, ಅದು ಅಡ್ಡ ಬರಲ್ವಾ?

ಈ ಪ್ರಶ್ನೆಯನ್ನು ನನಗೆ ಎರಡು ಕಡೆಯವರೂ ಕೇಳುತ್ತಾರೆ. ದೀನಿನ ವಿಷಯದಲ್ಲಿ ಗಟ್ಟಿಯಾಗಿರುವ ಬಂಧುಗಳು, ಎಲ್ಲಾ ಥರದವರ ಜೊತೆ ಇವಳಿಗೆ ಸಲಿಗೆ ಜಾಸ್ತಿಯಾಯಿತು ಅಂದುಕೊಂಡು ಕೇಳುತ್ತಾರೆ. ಗೆಳತಿಯರು, ಅದರಲ್ಲೂ ಮುಸ್ಲಿಮರಲ್ಲದವರು, ನಾನು ಯಾವುದಕ್ಕಾದರೂ ಆಗಲ್ಲ ಅಂದಾಗ ಕೇಳುತ್ತಾರೆ: ನಿನ್ನ ಧರ್ಮ ನಮ್ಮನ್ನು ದೂರ ಇಡು ಅನ್ನುತ್ತಾ?

ಇಬ್ಬರಿಗೂ ನನ್ನ ಉತ್ತರ ಒಂದೇ. ಮನುಷ್ಯರ ಜೊತೆ ನಿಲ್ಲುತ್ತೇನೆ. ಅವರು ಮಾಡುವ ಪ್ರತಿ ಕೆಲಸಕ್ಕೂ ಕೈ ಜೋಡಿಸುವುದಿಲ್ಲ.

ಈ ಗೆರೆ ನಾನು ಹಾಕಿಕೊಂಡದ್ದಲ್ಲ. ಒಳಿತಿನಲ್ಲಿ ಒಬ್ಬರಿಗೊಬ್ಬರು ನೆರವಾಗಿ, ಪಾಪದಲ್ಲಿ ಆಗಬೇಡಿ ಅನ್ನುತ್ತದೆ ಕುರ್‌ಆನ್ (5:2). ಧರ್ಮದ ಕಾರಣಕ್ಕೆ ನಿಮ್ಮ ಮೇಲೆ ಯುದ್ಧಕ್ಕೆ ಬಾರದವರಿಗೆ, ನಿಮ್ಮನ್ನು ಮನೆಯಿಂದ ಹೊರಹಾಕದವರಿಗೆ ಒಳ್ಳೆಯದು ಮಾಡುವುದನ್ನು ಅಲ್ಲಾಹನು ತಡೆಯುವುದಿಲ್ಲ ಅನ್ನುವುದೂ ಅಲ್ಲೇ ಇದೆ (60:8). ಪ್ರವಾದಿ ಮುಹಮ್ಮದ್ (ಸ: ಅವರ ಮೇಲೆ ಅಲ್ಲಾಹನ ಕೃಪೆ, ಶಾಂತಿ ಇರಲಿ) ಅವರ ಸೇವೆಯಲ್ಲಿದ್ದ ಒಬ್ಬ ಯಹೂದಿ ಹುಡುಗನಿಗೆ ಕಾಯಿಲೆ ಆದಾಗ ಅವರೇ ಅವನನ್ನು ನೋಡಲು ಹೋಗಿ ತಲೆಯ ಹತ್ತಿರ ಕೂತರು. ಹೀಗಿರುವಾಗ ಬೇರೆ ಧರ್ಮದ ಗೆಳತಿಯ ತಾಯಿ ತೀರಿಕೊಂಡಾಗ ನಾನು ಹೋಗಬಾರದು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಹೋಗುತ್ತೇನೆ, ಅವಳ ಪಕ್ಕದಲ್ಲಿ ಕೂರುತ್ತೇನೆ, ಬಂದವರಿಗೆ ನೀರು ಕೊಡುತ್ತೇನೆ. ಪೂಜೆಯ ಭಾಗಗಳು ಬಂದಾಗ ಸ್ವಲ್ಪ ಹಿಂದೆ ಸರಿದು ನಿಲ್ಲುತ್ತೇನೆ. ಅದನ್ನು ಯಾರೂ ತಪ್ಪು ತಿಳಿದದ್ದು ನನಗೆ ನೆನಪಿಲ್ಲ.

ಕಷ್ಟ ಬರುವುದು ಇಂಥ ಕಡೆ ಅಲ್ಲ. ಹಣ, ಸುಳ್ಳು, ಸಮಯ, ಈ ಮೂರರಲ್ಲಿ ಬರುತ್ತದೆ.

ಹಣದ ಮಾತು ಬೇಗ ಮುಗಿಸುತ್ತೇನೆ. ಬಡ್ಡಿ ಸಾಲಕ್ಕೆ ಸಾಕ್ಷಿ ಹಾಕು ಅಂದರೆ ಹಾಕುವುದಿಲ್ಲ. ಬಡ್ಡಿ ತಿನ್ನುವವನು, ಕೊಡುವವನು, ಅದನ್ನು ಬರೆಯುವವನು, ಸಾಕ್ಷಿ ಹಾಕುವ ಇಬ್ಬರು, ಎಲ್ಲರೂ ಪಾಪದಲ್ಲಿ ಸಮಾನರು ಅಂತ ಹದೀಸ್, ಅಂದರೆ ಪ್ರವಾದಿಯವರ ವಚನ, ಇದೆ. ಆದರೆ ಇಲ್ಲ ಅಂದು ಎದ್ದು ಹೋಗುವುದು ಸುಲಭ, ಅಲ್ವಾ? ಅದಕ್ಕೇ ಅವಳ ಜೊತೆ ಕೂತು ಲೆಕ್ಕ ನೋಡುತ್ತೇನೆ. ನನ್ನ ಕೈಲಾದಷ್ಟು ಬಡ್ಡಿ ಇಲ್ಲದೆ ಕೊಡುತ್ತೇನೆ, ಮತ್ತೆ ಅದನ್ನು ಬರೆದಿಡುತ್ತೇನೆ. ಗೆಳತಿಯ ಹತ್ತಿರ ಬರೆಸಿಕೊಳ್ಳುವುದಾ ಅಂತ ಕೆಲವರು ಮುಜುಗರಪಡುತ್ತಾರೆ. ಕುರ್‌ಆನಿನ ಅತಿ ಉದ್ದದ ವಚನ (2:282) ಇರುವುದೇ ಸಾಲ ಬರೆದಿಡಿ ಅಂತ ಹೇಳಲು. ಅದಕ್ಕೆ ಎರಡು ವಚನ ಮುಂಚೆ, ಸಾಲಗಾರ ಕಷ್ಟದಲ್ಲಿದ್ದರೆ ಸಮಯ ಕೊಡಿ, ಬಿಟ್ಟುಬಿಟ್ಟರೆ ಇನ್ನೂ ಒಳ್ಳೆಯದು ಅಂತಲೂ ಇದೆ. ಎರಡನ್ನೂ ಜೊತೆಗೇ ಓದಬೇಕು.

ಸುಳ್ಳಿನದು ಹೆಚ್ಚು ನೋವು ಕೊಡುವ ವಿಷಯ. "ಮನೆಯವರು ಫೋನ್ ಮಾಡಿದರೆ ನಾನು ನಿನ್ನ ಜೊತೆ ಇದ್ದೆ ಅಂತ ಹೇಳ್ಬಿಡೇ, ಪ್ಲೀಸ್" ಅಂತ ಗೆಳತಿ ಕೇಳಿದಾಗ ಆಗಲ್ಲ ಅನ್ನುವುದು ನನಗೆ ಇವತ್ತಿಗೂ ಸುಲಭವಿಲ್ಲ. ಅವಳ ಗುಟ್ಟು ನನ್ನ ಹತ್ತಿರ ಅಮಾನತ್, ಅಂದರೆ ನಂಬಿ ಕೊಟ್ಟಿಟ್ಟ ವಸ್ತು. ಅದನ್ನು ಯಾರಿಗೂ ಹೇಳುವುದಿಲ್ಲ, ಅವಳ ಮನೆಯವರು ಕೇಳಿದರೆ "ನೀವು ಅವಳನ್ನೇ ಕೇಳಿ" ಅನ್ನುತ್ತೇನೆ. ಇಲ್ಲದ್ದನ್ನು ಇತ್ತು ಅಂತ ಮಾತ್ರ ಹೇಳಲಾರೆ. ಇದನ್ನು ಮೊದಲೇ, ಸಮಾಧಾನವಾಗಿ ಹೇಳಿಟ್ಟುಬಿಡುತ್ತೇನೆ. ಸಿಕ್ಕಿಹಾಕಿಕೊಂಡ ಹೊತ್ತಲ್ಲಿ ಹೇಳಿದರೆ ಕೈಬಿಟ್ಟ ಹಾಗೆ ಅನ್ನಿಸುತ್ತದೆ.

ಇಲ್ಲೇ ಇನ್ನೊಂದು ಅನುಮಾನವನ್ನು ತುಂಬಾ ಜನ ಕೇಳುತ್ತಾರೆ. ಗೆಳತಿ ತನ್ನ ಗಂಡನ ಬಗ್ಗೆ, ಅತ್ತೆಯ ಬಗ್ಗೆ ಹೇಳಿಕೊಂಡು ಅಳುವಾಗ ಕೇಳಿಸಿಕೊಂಡರೆ ಅದು ಗೀಬತ್ ಆಗಲ್ವಾ? ಬೆನ್ನ ಹಿಂದೆ ಮಾತಾಡುವುದನ್ನು ಸತ್ತ ಸಹೋದರನ ಮಾಂಸ ತಿಂದ ಹಾಗೆ ಅಂದ ಧರ್ಮ ನಮ್ಮದು, ಹಾಗಾಗಿ ಈ ಭಯ ನಿಜವಾದದ್ದೇ. ಆದರೆ ಉತ್ಬಾರ ಮಗಳು ಹಿಂದ್ ಅನ್ನುವ ಹೆಂಗಸು, ಪ್ರವಾದಿಯವರ (ಸ) ಹತ್ತಿರ ಬಂದು ತನ್ನ ಗಂಡ ಅಬೂ ಸುಫ್ಯಾನ್ ಜಿಪುಣ, ನನಗೂ ಮಕ್ಕಳಿಗೂ ಸಾಕಾಗುವಷ್ಟು ಕೊಡುವುದಿಲ್ಲ ಅಂತ ಹೆಸರು ಹಿಡಿದೇ ದೂರಿದರು. ಪ್ರವಾದಿಯವರು ಬಾಯಿ ಮುಚ್ಚು ಅನ್ನಲಿಲ್ಲ, ನ್ಯಾಯವಾಗಿ ಎಷ್ಟು ಬೇಕೋ ಅಷ್ಟು ತೆಗೆದುಕೋ ಅಂದರು. ದಾರಿ ಕೇಳಲು, ಅನ್ಯಾಯ ಹೇಳಿಕೊಳ್ಳಲು ಮಾತಾಡುವುದು ಗೀಬತ್ ಅಲ್ಲ ಅಂತ ಉಲಮಾಗಳು (ಧರ್ಮ ವಿದ್ವಾಂಸರು) ಹೇಳುವುದು ಇದನ್ನೂ ಆಧಾರ ಮಾಡಿಕೊಂಡೇ. ಹಾಗಾಗಿ ನಾನು ಪೂರ್ತಿ ಕೇಳುತ್ತೇನೆ. ಮಾತು ಅವಳ ನೋವು ಬಿಟ್ಟು ಅತ್ತೆಯ ನಡಿಗೆ, ನಾದಿನಿಯ ಬಟ್ಟೆ ಅಂತ ಹೊರಟರೆ "ಅದಿರಲಿ, ಈಗ ನೀನು ಏನು ಮಾಡಬೇಕು ಅಂತಿದ್ದೀಯ?" ಅಂತ ಕೇಳುತ್ತೇನೆ. ಸಾಮಾನ್ಯವಾಗಿ ಅಷ್ಟು ಸಾಕಾಗುತ್ತದೆ.

ಇನ್ನು ಸಮಯ. ಒಳ್ಳೆಯ ಮುಸ್ಲಿಮಳಾದರೆ ಯಾವ ಹೊತ್ತಿನಲ್ಲಿ ಯಾರು ಕರೆದರೂ ಓಡಬೇಕು ಅನ್ನುವ ನಂಬಿಕೆ ನಮ್ಮಲ್ಲಿ ಹಲವರಿಗಿದೆ, ಹೆಣ್ಣುಮಕ್ಕಳಿಗಂತೂ ಜಾಸ್ತಿ. ನನಗೆ ಪ್ರವಾದಿಯವರ ಸಂಗಾತಿ ಸಲ್ಮಾನ್ ಫಾರಿಸಿಯವರ ಕಥೆ ಇದಕ್ಕೇ ಇಷ್ಟ. ಪ್ರವಾದಿಯವರು (ಸ) ಮದೀನಾದಲ್ಲಿ ಸಲ್ಮಾನ್ ಮತ್ತು ಅಬೂದ್ದರ್ದಾ ಅವರನ್ನು ಸಹೋದರರನ್ನಾಗಿ ಮಾಡಿದ್ದರು. ಸಲ್ಮಾನ್ ಒಮ್ಮೆ ಅಬೂದ್ದರ್ದಾ ಅವರ ಮನೆಗೆ ಹೋದರೆ, ಅವರ ಹೆಂಡತಿ ಉಮ್ಮುದ್ದರ್ದಾ ಬೇಸತ್ತು, ಅಲಂಕಾರದ ಕಡೆ ಗಮನವೇ ಇಲ್ಲದೆ ಇದ್ದರು. ಗಂಡ ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಜ್. ಸಲ್ಮಾನ್ ಸುಮ್ನೆ ಉಪದೇಶ ಮಾಡಲಿಲ್ಲ. ನೀನು ಉಣ್ಣುವವರೆಗೆ ನಾನೂ ಉಣ್ಣುವುದಿಲ್ಲ ಅಂತ ಕೂತು ಊಟ ಮಾಡಿಸಿದರು, ರಾತ್ರಿ ನಮಾಜಿಗೆ ಎದ್ದಾಗೆಲ್ಲ ಮಲಗು ಅಂದರು, ಕೊನೆಯ ಜಾವದಲ್ಲಿ ಈಗ ಏಳು ಅಂತ ಇಬ್ಬರೂ ಸೇರಿ ನಮಾಜ್ ಮಾಡಿದರು. ಆಮೇಲೆ ಹೇಳಿದರು: ನಿನ್ನ ಪ್ರಭುವಿಗೆ ನಿನ್ನ ಮೇಲೆ ಹಕ್ಕಿದೆ, ನಿನಗೂ ನಿನ್ನ ಮೇಲೆ ಹಕ್ಕಿದೆ, ಮನೆಯವರಿಗೂ ಹಕ್ಕಿದೆ, ಅವರವರ ಹಕ್ಕು ಅವರವರಿಗೆ ಕೊಡು. ಪ್ರವಾದಿಯವರಿಗೆ ಈ ವಿಷಯ ಗೊತ್ತಾದಾಗ, ಸಲ್ಮಾನ್ ಹೇಳಿದ್ದು ಸತ್ಯ ಅಂದರು.

ರಾತ್ರಿಯ ಆರಾಧನೆಗೇ ಮಿತಿ ಇದೆ ಅಂದಮೇಲೆ ರಾತ್ರಿಯ ಫೋನಿಗೆ ಇರಬಾರದಾ? ನನ್ನ ನಿದ್ದೆ, ನನ್ನ ಮಕ್ಕಳು, ನನ್ನ ಫಜ್ರ್ (ಬೆಳಗಿನ ಜಾವದ ನಮಾಜ್) ಇವೆಲ್ಲ ಹಕ್ಕುದಾರರೇ. ಅದಕ್ಕೆ, ಇಷ್ಟು ಹೊತ್ತಿನ ನಂತರ ಮಾತಾಡಲು ಆಗಲ್ಲ, ಬೆಳಿಗ್ಗೆ ನಾನೇ ಮಾಡ್ತೀನಿ ಅನ್ನುತ್ತೇನೆ. ಬೆಳಿಗ್ಗೆ ನಾನೇ ಮಾಡುತ್ತೇನೆ ಕೂಡ, ಯಾಕೆಂದರೆ ಆ ಮಾತು ಉಳಿಸಿಕೊಳ್ಳದಿದ್ದರೆ ಗೆರೆ ಹಾಕಿದ್ದು ನೆಪ ಆಗಿಬಿಡುತ್ತದೆ. ಗಂಡಸರಾದ ಸಹಪಾಠಿಗಳೋ ಸಹೋದ್ಯೋಗಿಗಳೋ ಸಂಸಾರದ ನೋವು ಹೇಳಿಕೊಳ್ಳಲು ಒಬ್ಬಳೇ ಸಿಗು ಅಂದರೆ, ನನ್ನ ಗಂಡನೂ ಜೊತೆಗಿರುತ್ತಾರೆ, ಬನ್ನಿ ಅನ್ನುತ್ತೇನೆ. ಕೆಲವರು ಬರುತ್ತಾರೆ, ಕೆಲವರು ಬರುವುದಿಲ್ಲ.

ಆದರೆ ಪ್ರಾಣದ ವಿಷಯ ಬಂದರೆ ಈ ಗೆರೆಗಳೆಲ್ಲ ಪಕ್ಕಕ್ಕೆ. ಬದುಕು ಸಾಕಾಗಿದೆ, ಸಾಯ್ತೀನಿ ಅಂತ ಗೆಳತಿ ಅಂದರೆ ಅದು ಯಾವ ಹೊತ್ತಾದರೂ ಎದ್ದು ಹೋಗುತ್ತೇನೆ, ಯಾರಿಗೂ ಹೇಳಬೇಡ ಅಂದರೂ ಅವಳ ಮನೆಯವರಿಗೆ, ವೈದ್ಯರಿಗೆ ಹೇಳುತ್ತೇನೆ. ಒಂದು ಜೀವ ಉಳಿಸಿದರೆ ಇಡೀ ಮನುಕುಲವನ್ನೇ ಉಳಿಸಿದ ಹಾಗೆ (5:32). ಜೀವ ಉಳಿಸಲು ನಡುವೆಯೇ ನಮಾಜ್ ಬಿಟ್ಟು ಓಡಬೇಕು ಅನ್ನುತ್ತದೆ ಫಿಕ್ಹ್, ಅಂದರೆ ನಮ್ಮ ಧರ್ಮಶಾಸ್ತ್ರ. ಆಮೇಲೂ ಅವಳಿಗೆ "ನಿನ್ನ ಈಮಾನ್ (ದೇವರಲ್ಲಿ ನಂಬಿಕೆ) ಕಮ್ಮಿ ಆಗಿದೆ" ಅಂತ ದಯವಿಟ್ಟು ಯಾರೂ ಹೇಳಬೇಡಿ. ಯಾಕೂಬ್ (ಅ: ಅವರ ಮೇಲೆ ಶಾಂತಿ ಇರಲಿ) ಪ್ರವಾದಿಯಾಗಿದ್ದರು, ಆದರೂ ಮಗನ ದುಃಖದಲ್ಲಿ ಅವರ ಕಣ್ಣು ಬೆಳ್ಳಗಾಗಿ ಹೋದವು ಅನ್ನುತ್ತದೆ ಕುರ್‌ಆನ್ (12:84). ಅವರಿಗೆ ಈಮಾನ್ ಕಮ್ಮಿ ಇತ್ತಾ?

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ನೀನು ಇಲ್ಲ ಅಂದದ್ದಕ್ಕೆ ಗೆಳತಿ ಮಾತು ಬಿಟ್ಟರೆ? ಬಿಟ್ಟವರಿದ್ದಾರೆ. ಬೇಜಾರಾಗುತ್ತದೆ, ತುಂಬಾ ದಿನ ಆಗುತ್ತದೆ. ಅವರ ಹಿಂದೆ ಬಿದ್ದು ನನ್ನ ಮಾತು ಬದಲಿಸುವುದಿಲ್ಲ, ಅವರು ನನಗೆ ಹೇಳಿದ ಗುಟ್ಟುಗಳನ್ನು ಸಿಟ್ಟಿನಲ್ಲಿ ಹೊರಗೆ ಹಾಕುವುದೂ ಇಲ್ಲ. ದುಆದಲ್ಲಿ, ಅಂದರೆ ನನ್ನ ಪ್ರಾರ್ಥನೆಯಲ್ಲಿ, ಅವರ ಹೆಸರು ಮೊದಲಿನ ಹಾಗೇ ಬರುತ್ತದೆ. ಅವರ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂತ ಕಿವಿಗೆ ಬಿದ್ದರೆ, ಕರೆಯದಿದ್ದರೂ ಹೋಗಿ ನೋಡಿಕೊಂಡು ಬರುತ್ತೇನೆ.